ಗಾನಯೋಗಿಯ ಚಿತ್ರವೂ ಜೋಳದ ಲೆಕ್ಕವೂ

ಸಂಗೀತಗಾರರ ಬಾಳನ್ನೇ ವಸ್ತುವಾಗಿ ಉಳ್ಳ ಚಲಚ್ಚಿತ್ರಗಳು ಕನ್ನಡದಲ್ಲಿ ಬೆರಳೆಣಿಕೆಯವು. ಅ.ನ.ಕೃ. ಅವರ ಕಾದಂಬರಿಯನ್ನು ಆಧರಿಸಿ 1966ರಲ್ಲಿ ಬಂದ ‘ಸಂಧ್ಯಾರಾಗ’, ತ.ರಾ.ಸು. ಅವರ ಕಾದಂಬರಿಯಿಂದ ಜಿ.ವಿ. ಅಯ್ಯರ್ ಅವರು 1975ರಲ್ಲಿ ತೆಗೆದ ‘ಹಂಸಗೀತೆ’, ಇವೆರಡನ್ನು ಹಿರಿಯರು ಒಡನೆಯೇ ನೆನೆಯುತ್ತಾರೆ. ಮೊದಲನೆಯದರಲ್ಲಿ ಭೀಮಸೇನ ಜೋಶಿಯವರ ಕಂಠವಿದೆ. ಎರಡನೆಯದರಲ್ಲಿ ಬಾಲಮುರಳೀಕೃಷ್ಣರ ಗಾಯನವಿದೆ. ಆದರೆ ಗದುಗಿನ ಸೀಮೆಯವರಾದ ನಮ್ಮನ್ನು ಕೇಳಿದರೆ ಮೂರನೆಯದೊಂದರ ಹೆಸರನ್ನೇ ಮೊದಲು ಹೇಳುತ್ತೇವೆ. ಅದು 1995ರ ‘ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ’. ಹೆಸರೇ ಒಂದು ಉಸಿರಿನಷ್ಟು ಉದ್ದವಾದ್ದರಿಂದ ನಮ್ಮ ಹಳ್ಳಿಗಳಲ್ಲಿ ಅದನ್ನು ‘ಗವಾಯಿಗಳ ಪಿಚ್ಚರ್’ ಎಂದು ಕರೆದುಬಿಡುತ್ತಾರೆ.

ಈ ಚಿತ್ರವನ್ನು ನಿರ್ದೇಶಿಸಿದವರು ಚಿಂದೋಡಿ ಬಂಗಾರೇಶ್. ಹಂಸಲೇಖ ಅವರದು ಸಂಗೀತ. ಲೋಕೇಶ್, ಗಿರೀಶ ಕಾರ್ನಾಡರಂಥ ಹಿರಿಯ ನಟರು ಇದರಲ್ಲಿದ್ದಾರೆ. ಆ ವರ್ಷದ ರಾಷ್ಟ್ರಪ್ರಶಸ್ತಿಗಳಲ್ಲಿ ಉತ್ತಮ ಸಂಗೀತ ನಿರ್ದೇಶನದ ಪ್ರಶಸ್ತಿ ಹಂಸಲೇಖ ಅವರಿಗೂ, ಉತ್ತಮ ಹಿನ್ನೆಲೆ ಗಾಯಕ ಪ್ರಶಸ್ತಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ದೊರೆತವು. ತೆಲುಗು ಮನೆಮಾತಿನ, ಶಾಸ್ತ್ರೀಯ ಸಂಗೀತವನ್ನು ಗುರುಮುಖೇನ ಕ್ರಮವಾಗಿ ಕಲಿಯದ ಒಬ್ಬ ಗಾಯಕರು, ಕನ್ನಡ ಚಿತ್ರವೊಂದರಲ್ಲಿ, ಮಳೆಮೋಡಗಳನ್ನು ಕುರಿತ ಹಿಂದೀ ಚೀಜೊಂದನ್ನು ಹಾಡಿ ಆ ಪ್ರಶಸ್ತಿಯನ್ನು ಪಡೆದರೆಂಬುದು ವಿಚಾರ ಮಾಡಿದಷ್ಟೂ ಸೋಜಿಗದ ಸಂಗತಿಯೇ. ಲೋಕೇಶ್, ಕಾರ್ನಾಡ, ಬಾಲಸುಬ್ರಹ್ಮಣ್ಯಂ ಈ ಮೂವರೂ ಇಂದು ನಮ್ಮೊಂದಿಗಿಲ್ಲ.

ನಾನು ಇದನ್ನು ಮೊದಲು ನೋಡಿದ್ದು ಏಳೆಂಟು ವರ್ಷದವನಿದ್ದಾಗ, ಕಳಸಾಪುರದ ನಮ್ಮ ಪಕ್ಕದ ಮನೆಯ ದೂರದರ್ಶನ ಪೆಟ್ಟಿಗೆಯಲ್ಲಿ. ಪುಟ್ಟರಾಜ ಗವಾಯಿಗಳು ಲಿಂಗೈಕ್ಯರಾಗಿ ಆಗಿನ್ನೂ ಒಂದೆರಡು ವರ್ಷಗಳಾಗಿದ್ದವು. ಹೀಗಾಗಿ ನೋಡಲು ಕುಳಿತ ಹೆಂಗಸರಲ್ಲಿ ಕೆಲವರು ಚಿತ್ರ ಶುರುವಾಗುವ ಮೊದಲೇ ಕಣ್ಣು ಒರೆಸಿಕೊಳ್ಳುತ್ತಿದ್ದರು. ಆಗ ನನ್ನ ಮನಸ್ಸಿನಲ್ಲಿ ನಿಂತದ್ದು ಕಣ್ಣಿಲ್ಲದ ಬಾಲಕನೊಬ್ಬನ ದುಃಖ, ಹಾಡುಗಳ ಸದ್ದು, ಇಷ್ಟೇ. ಈ ಬೇಸಗೆಯಲ್ಲಿ ಅದೇ ಚಿತ್ರವನ್ನು ಮೊಬೈಲಿನ ಗೇಣುದ್ದದ ಪರದೆಯ ಮೇಲೆ ಎರಡು ಸಲ ನೋಡಿದೆ. ಒಮ್ಮೆ ಹಾಸ್ಟೆಲಿನ ಗೆಳೆಯನೊಬ್ಬನ ಜೊತೆಗೆ, ಇನ್ನೊಮ್ಮೆ ಊರಲ್ಲಿ ನನ್ನ ದೊಡ್ಡಪ್ಪನವರ ಜೊತೆಗೆ. ಈ ಲೇಖನ ಹುಟ್ಟಿದ್ದು ಎರಡನೆಯ ಸಲದ ನೋಟದಿಂದ.

ಗೆಳೆಯನ ವಿಷಯವನ್ನು ಬೇಗ ಮುಗಿಸುತ್ತೇನೆ. ಅವನು ಕಾಲು ಗಂಟೆಯಲ್ಲಿ ಎದ್ದುಹೋದ. “ಇದು ಪಿಚ್ಚರ್ ಅಲ್ಲೋ, ಕಂಪನಿ ನಾಟಕ” ಎಂದ. ಅವನು ಬೈಗುಳವಾಗಿ ಆಡಿದ ಮಾತು ನನಗೆ ಚಿತ್ರದ ಕೀಲಿಕೈಯಂತೆ ಕಾಣುತ್ತದೆ. ಈಗಿನ ಚಿತ್ರಗಳಲ್ಲಿ ಪಾತ್ರಗಳು ತಮ್ಮಷ್ಟಕ್ಕೆ ತಾವೇ ಗೊಣಗಿಕೊಳ್ಳುವುದನ್ನು ಕೇಳಿ ರೂಢಿಯಾದವರಿಗೆ ಇದರ ಧಾಟಿ ಎತ್ತರದ್ದೆನಿಸುವುದು ನಿಜ. ಆದರೆ ತೆಗೆದವರು ಯಾರು? ಚಿಂದೋಡಿ ಮನೆತನವೆಂದರೆ ದಾವಣಗೆರೆಯ ವೃತ್ತಿರಂಗಭೂಮಿಯ ಮನೆತನ. ಲೋಕೇಶ್ ಅವರ ತಂದೆ ಸುಬ್ಬಯ್ಯ ನಾಯ್ಡು ಅವರು ಸ್ವತಃ ನಾಟಕ ಮಂಡಳಿಯನ್ನು ನಡೆಸಿದವರು. ಅದಿರಲಿ, ಚಿತ್ರದ ಕಥಾನಾಯಕರ ಆಶ್ರಮವೇ ಒಂದು ಕಾಲಕ್ಕೆ ನಾಟಕ ಕಂಪನಿಯಿಂದ ಅನ್ನ ಕಂಡದ್ದಲ್ಲವೆ! ಕಂಪನಿ ನಾಟಕವೇ ಸಾಕಿದ ಸಂಗೀತವನ್ನು ಕಂಪನಿ ನಾಟಕದ ಧಾಟಿಯಲ್ಲಿ ಹೇಳಿದರೆ ಅದರಲ್ಲಿ ತಪ್ಪೇನಿದೆ?

ಇನ್ನು ದೊಡ್ಡಪ್ಪನವರ ಮಾತು. ಅವರು ನಮ್ಮೂರಿನ ಭಜನಾ ಮೇಳದಲ್ಲಿ ಪೇಟಿ ಬಾರಿಸುತ್ತಾರೆ. ತತ್ವಪದಗಳು ನೂರಾರು ಬಾಯಿಗೆ ಬರುತ್ತವೆ. ಸಾಲೆಯ ಮೆಟ್ಟಿಲು ನಾಲ್ಕನೆಯ ಇಯತ್ತೆಯ ಮೇಲೆ ಹತ್ತಿಲ್ಲ. ಚಿತ್ರ ಮುಗಿದ ಮೇಲೆ ಬಹಳ ಹೊತ್ತು ಸುಮ್ಮನಿದ್ದು ಕೇಳಿದರು: “ಹಾಡು ಛಲೋ ಅದಾವ. ಆದ್ರ ತಮ್ಮಾ, ಅಷ್ಟು ಹುಡುಗ್ರಿಗೆ ದಿನಾ ಎರಡು ಹೊತ್ತು ರೊಟ್ಟಿ ಎಲ್ಲಿಂದ ಬಂತು, ಅದನ್ನ ಹೇಳು. ನೀ ಬಿ.ಎ. ಓದಾಂವ ಅದಿ.”

ಬಿ.ಎ. ಓದುವವನು ಆಗ ಸುಮ್ಮನೆ ತಲೆ ಕೆರೆದುಕೊಂಡ. ಉತ್ತರ ಹುಡುಕಹತ್ತಿದ ಮೇಲೆ ಸಂಗೀತದ ಚರಿತ್ರೆಯೇ ಬೇರೊಂದು ಮಗ್ಗುಲಿನಿಂದ ಕಾಣತೊಡಗಿತು.

ಪಂಚಾಕ್ಷರ ಗವಾಯಿಗಳು ಹುಟ್ಟಿದ್ದು 1892ರಲ್ಲಿ, ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. ಮನೆಯಲ್ಲಿಟ್ಟ ಹೆಸರು ಗದಿಗೆಯ್ಯ. ಹುಟ್ಟುಕುರುಡರು. ಅಣ್ಣ ಗುರುಬಸಯ್ಯನವರಿಗೂ ಕಣ್ಣಿರಲಿಲ್ಲ. ಈ ಇಬ್ಬರು ಬಾಲಕರ ಕಂಠವನ್ನು ಗುರುತಿಸಿ ಕರೆದೊಯ್ದವರು ಹಾನಗಲ್ಲ ಕುಮಾರಸ್ವಾಮಿಗಳು. 1909ರಲ್ಲಿ ಬಾದಾಮಿಯ ಹತ್ತಿರ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗಮಂದಿರವನ್ನು ಸ್ಥಾಪಿಸಿದವರು. ಗದಿಗೆಯ್ಯ ಮೈಸೂರಿಗೆ ಹೋಗಿ ಕರ್ನಾಟಕ ಸಂಗೀತವನ್ನೂ, ಅನಂತರ ಮಿರಜಿನ ನೀಲಕಂಠಬುವಾ ಅವರಿಂದ ಹಿಂದುಸ್ಥಾನಿ ಸಂಗೀತವನ್ನೂ ಕಲಿತು ಪಂಚಾಕ್ಷರ ಗವಾಯಿಗಳಾದರು. ಇದೇ ನೀಲಕಂಠಬುವಾ ಅವರು ಮಲ್ಲಿಕಾರ್ಜುನ ಮನ್ಸೂರ ಅವರಿಗೂ ಗುರುಗಳು. ಗ್ವಾಲಿಯರದ ಗಾಯಕಿ ಮಿರಜಿನ ಮಾರ್ಗವಾಗಿ ನಮ್ಮ ಎರೆಭೂಮಿಗೆ ಇಳಿದ ಬಗೆ ಇದು.

ಈ ಕಲಿಕೆಗೆಲ್ಲ ಖರ್ಚು ಯಾರದು? ಜೋಳಿಗೆಯದು. ಕುಮಾರಸ್ವಾಮಿಗಳು ಊರೂರು ತಿರುಗಿ ಭಿಕ್ಷೆಯೆತ್ತಿ ತಂದ ದವಸ ಧಾನ್ಯವೇ ಶಿವಯೋಗಮಂದಿರದ ಬಂಡವಾಳ. ಸುಗ್ಗಿಯಲ್ಲಿ ರಾಶಿ ಆದಾಗ ಕಣದಲ್ಲಿಯೇ ಆಯಗಾರರ ಪಾಲು, ಮಠದ ಪಾಲು, ಬೇಡಲು ಬಂದವರ ಪಾಲು ಎಂದು ತೆಗೆದಿಟ್ಟು ಉಳಿದದ್ದನ್ನು ಮನೆಗೆ ತರುವ ಪದ್ಧತಿ ನಮ್ಮ ಕಡೆ ಇತ್ತು. ದರಬಾರಿನ ಸಂಗೀತಗಾರನಿಗೆ ಮಹಾರಾಜನ ಖಜಾನೆಯಿಂದ ಸಂಬಳ ಬರುತ್ತಿತ್ತು. ಮುಂಬಯಿ ಇಲಾಖೆಯ ಮೂಲೆಯಲ್ಲಿದ್ದ ನಮ್ಮ ಸೀಮೆಯಲ್ಲಿ ಬರಬೇಕಾದರೆ ಬಿಳಿಜೋಳದ ಕಣದಿಂದಲೇ ಬರಬೇಕಿತ್ತು.

ಕಲಿತ ಮೇಲೆ ಗವಾಯಿಗಳು ದರಬಾರು ಹುಡುಕಲಿಲ್ಲ. ಗುರುವಿನ ಅಪ್ಪಣೆಯಂತೆ ಕಣ್ಣಿಲ್ಲದವರಿಗೂ ಬಡವರಿಗೂ ಅನಾಥರಿಗೂ ಕಲಿಸಲು ಪಾಠಶಾಲೆಯೊಂದನ್ನು ಕಟ್ಟಿಕೊಂಡು ಊರಿಂದೂರಿಗೆ ಹೊರಟರು. ಸಂಚಾರೀ ಪಾಠಶಾಲೆ ಎಂಬ ಮಾತು ಕಿವಿಗೆ ಹಿತ. ಆದರೆ ಅದರ ಅರ್ಥವನ್ನು ಒಂದು ನಿಮಿಷ ಕಣ್ಣ ಮುಂದೆ ತಂದುಕೊಳ್ಳಿರಿ. ಕಣ್ಣಿಲ್ಲದ ಗುರು, ಹಿಂದೆ ಕಣ್ಣಿಲ್ಲದ ಶಿಷ್ಯರು, ಬಂಡಿಯಲ್ಲಿ ತಂಬೂರಿ, ತಬಲಾ, ಪೇಟಿ, ಅಡಿಗೆಯ ಪಾತ್ರೆ. ಒಂದೂರಿನಲ್ಲಿ ಉಣ್ಣಿಸುವ ಶಕ್ತಿ ಇರುವವರೆಗೆ ಅಲ್ಲಿ ಬಿಡಾರ, ಅಲ್ಲಿ ಬರ ಬಿದ್ದರೆ ಮುಂದಿನೂರು. ಹೀಗೆ ತಿರುಗಿ ಕೊನೆಗೆ ಗದುಗಿನಲ್ಲಿ ನೆಲೆ ನಿಂತರು. ಬಸರಿಗಿಡದ ವೀರಪ್ಪನವರು ಜಾಗ ಕೊಟ್ಟು ನೆರವಾದರು. ಅದೇ ವೀರೇಶ್ವರ ಪುಣ್ಯಾಶ್ರಮ.

ಜೋಳಿಗೆಯೊಂದೇ ಸಾಲದಾದಾಗ ಅವರು ಹಿಡಿದ ದಾರಿಯೇ ನಾಟಕ. ಆಶ್ರಮದ ಹುಡುಗರಿಗಾಗಿ ನಾಟಕ ಕಂಪನಿಯೊಂದನ್ನು ಕಟ್ಟಿದರು. ಗದುಗಿನಲ್ಲಿ ಇದು ಆಕಾಶದಿಂದ ಇಳಿದ ವಿಚಾರವಲ್ಲ. ಮರಾಠೀ ನಾಟಕ ಮಂಡಳಿಗಳು ಈ ಸೀಮೆಯನ್ನೆಲ್ಲ ಆವರಿಸಿದ್ದ 1870ರ ದಶಕದಲ್ಲಿ ಶಾಂತಕವಿಗಳೆಂದು ಹೆಸರಾದ ಸಕ್ಕರಿ ಬಾಳಾಚಾರ್ಯರು ಕೃತಪುರ ನಾಟಕ ಮಂಡಳಿಯನ್ನು ಹುಟ್ಟುಹಾಕಿದ್ದು ಇಲ್ಲಿಯೇ, ಕೃತಪುರವೆಂದರೆ ಗದಗು. ಶಿರಹಟ್ಟಿಯ ವೆಂಕೋಬರಾಯರ ಕಂಪನಿ, ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ಇವೂ ನಮ್ಮ ನೆಲದವೇ. ನಾಟಕವೆಂದರೆ ಆ ಕಾಲಕ್ಕೆ ಮಾತಿಗಿಂತ ಹಾಡು ಹೆಚ್ಚು. ತಿಕೀಟು ಕೊಂಡು ಬಂದವನು ರಾಗ ಕೇಳಲೆಂದೇ ಬರುತ್ತಿದ್ದ. ಹಿಡಿಸಿದರೆ “ಒನ್ಸ್ ಮೋರ್” ಎಂದು ಕೂಗುತ್ತಿದ್ದ. ಸತ್ತು ಬಿದ್ದ ಪಾತ್ರವೂ ಎದ್ದು ಮತ್ತೊಮ್ಮೆ ಹಾಡಬೇಕಾಗುತ್ತಿತ್ತೆಂದು ಹಿರಿಯರು ನಗುತ್ತ ಹೇಳುತ್ತಾರೆ. ಮಲ್ಲಿಕಾರ್ಜುನ ಮನ್ಸೂರರು ಬಾಲಕರಾಗಿ ಬಣ್ಣ ಹಚ್ಚಿದವರು. ಬಸವರಾಜ ರಾಜಗುರುಗಳೂ ಅಷ್ಟೇ. ಕುಂದಗೋಳದ ಸವಾಯಿ ಗಂಧರ್ವರಂತೂ ಮರಾಠೀ ರಂಗಭೂಮಿಯ ಮೇಲೆಯೇ ಮೆರೆದವರು. ಧಾರವಾಡದ ಕಡೆಗೆ ಹಿಂದುಸ್ಥಾನಿ ಸಂಗೀತ ಬೆಳೆದದ್ದೇಕೆಂದು ಕೇಳಿದರೆ ಹವೆ, ಮಣ್ಣು, ದೈವಕೃಪೆ ಎಂದು ಏನೇನೋ ಹೇಳುತ್ತಾರೆ. ನನಗೇನೋ ನಾಟಕದ ತಿಕೀಟಿನ ಆಣೆ ಪೈಸೆಗಳಿಗೂ ಅದರಲ್ಲಿ ದೊಡ್ಡ ಪಾಲು ಸಲ್ಲಬೇಕೆಂದೆನಿಸುತ್ತದೆ.

1944ರಲ್ಲಿ ಪಂಚಾಕ್ಷರ ಗವಾಯಿಗಳು ಲಿಂಗೈಕ್ಯರಾದರು. ಹೊಣೆ ಶಿಷ್ಯರಾದ ಪುಟ್ಟರಾಜ ಗವಾಯಿಗಳ ಹೆಗಲಿಗೆ ಬಂತು. ಇವರು 1914ರಲ್ಲಿ ದೇವಗಿರಿಯಲ್ಲಿ ಹುಟ್ಟಿ, ಹಸುಳೆಯಿದ್ದಾಗಲೇ ದೃಷ್ಟಿ ಕಳೆದುಕೊಂಡವರು. ಕನ್ನಡ, ಹಿಂದಿ, ಸಂಸ್ಕೃತ ಮೂರರಲ್ಲಿಯೂ ಬರೆದರು. ಪೇಟಿ, ಪಿಟೀಲು, ತಬಲಾ, ಸಾರಂಗಿ ಯಾವುದನ್ನು ಕೊಟ್ಟರೂ ನುಡಿಸಿದರು. ಹೇಮರೆಡ್ಡಿ ಮಲ್ಲಮ್ಮನಂಥ ಶರಣೆಯರ ಕಥೆಗಳನ್ನು ನಾಟಕ ಮಾಡಿದರು. ಕಂಪನಿಯ ಕಾಲ ಇಳಿಮುಖವಾದ ಮೇಲೆ ಹಳ್ಳಿಗಳು ಬೇರೊಂದು ಉಪಾಯ ಕಂಡುಕೊಂಡವು: ತುಲಾಭಾರ. ಅಜ್ಜಾರನ್ನು ಒಂದು ತಕ್ಕಡಿಯಲ್ಲಿ ಕೂಡಿಸಿ ಇನ್ನೊಂದರಲ್ಲಿ ನಾಣ್ಯ ಸುರಿಯುವುದು. ಆ ಹಣ ಆಶ್ರಮದ ಹುಡುಗರ ಊಟಕ್ಕೆ. ಒಂದು ಊರು ಮಾಡಿತೆಂದರೆ ಪಕ್ಕದ ಊರು ಸುಮ್ಮನಿರುವುದುಂಟೆ? 2010ರಲ್ಲಿ ಅವರಿಗೆ ಪದ್ಮಭೂಷಣ ಬಂತು. ಅದೇ ವರ್ಷ ಸಪ್ಟೆಂಬರ 17ರಂದು ಅವರು ಅಗಲಿದರು. ಇಂದಿಗೂ ಆಶ್ರಮದಲ್ಲಿ ಪಾಠ, ಊಟ, ವಸತಿ ಉಚಿತವಾಗಿಯೇ ನಡೆದಿವೆ. ಜಾತಿ ಕೇಳುವ ಪದ್ಧತಿ ಅಲ್ಲಿಲ್ಲ.

ಕಣ್ಣಿಲ್ಲದವರು ಇಷ್ಟು ದೊಡ್ಡ ವಿದ್ಯೆಯನ್ನು ಹೇಗೆ ಕಲಿತರೆಂದು ಸಹಪಾಠಿಗಳು ಕೇಳುವುದುಂಟು. ಚಿತ್ರ ನೋಡಿದವರಿಗೆ ಇದು ಪವಾಡದಂತೆ ತೋರಬಹುದು. ಆದರೆ ಸ್ವಲ್ಪ ವಿಚಾರಿಸಿದರೆ ಕಾರಣ ಸರಳವಾಗಿದೆ. ನಮ್ಮ ಸಂಗೀತ ಕಣ್ಣಿನ ವಿದ್ಯೆಯಲ್ಲ. ಸ್ವರಲಿಪಿಯ ಪುಸ್ತಕಗಳು ಬಂದದ್ದು ಈಚೆಗೆ. ಬಂದ ಮೇಲೂ ಅವು ರಾಗದ ಎಲುಬನ್ನು ತೋರಿಸುತ್ತವೆಯೇ ಹೊರತು ಉಸಿರನ್ನಲ್ಲ. ಗುರು ಹೇಳಿದ ಸ್ವರಗುಚ್ಛವನ್ನು ಶಿಷ್ಯ ತಿರುಗಿ ಹೇಳಬೇಕು, ಸರಿಹೋಗುವವರೆಗೆ ಹೇಳಬೇಕು. ತಬಲಾ ಕಲಿಯುವವನು ಮೊದಲು ಬೋಲುಗಳನ್ನು ಬಾಯಿಪಾಠ ಮಾಡಬೇಕು. ಅನಂತರ ಗುರು ಅವನ ಬೆರಳು ಹಿಡಿದು ಕರಣೆ ಎಲ್ಲಿದೆ, ಅಂಚು ಎಲ್ಲಿದೆ ಎಂದು ತೋರಿಸಬೇಕು. ಓದು ಬರಹದ ಲೋಕದಲ್ಲಿ ಹಿಂದೆ ಬೀಳುವ ಅಂಧ ಬಾಲಕ, ಈ ಕಿವಿ ಕೈಗಳ ಲೋಕದಲ್ಲಿ ಉಳಿದವರ ಸಮಕ್ಕೆ ನಿಂತ. ಪಂಚಾಕ್ಷರ ಗವಾಯಿಗಳ ದೊಡ್ಡತನ ಇದನ್ನು ಕಂಡುಕೊಂಡದ್ದರಲ್ಲಿದೆ. ಅಂಧರಿಗೆ ಕರುಣೆ ತೋರಿದವರು ಅನೇಕರು. ಕಸುಬು ಕೊಟ್ಟವರು ವಿರಳ.

ದೊಡ್ಡಪ್ಪನವರ ಪ್ರಶ್ನೆಗೆ ಇಷ್ಟೆಲ್ಲ ಉತ್ತರ ಕೂಡಿಸಿಕೊಂಡು ಮುಂದಿನ ಸಲ ಊರಿಗೆ ಹೋದಾಗ ಹೇಳಿದೆ. ಅವರು ಎಲ್ಲವನ್ನೂ ಕೇಳಿದರು. ಆಮೇಲೆ, ನನಗೆ ಅದುವರೆಗೆ ಗೊತ್ತಿಲ್ಲದ ಒಂದು ಸಂಗತಿಯನ್ನು ಹೇಳಿದರು.

1970ರ ಸುಮಾರಿಗೆ, ಅವರು ಹತ್ತು ಹನ್ನೊಂದು ವರ್ಷದವರಿದ್ದಾಗ, ನಮ್ಮೂರಲ್ಲಿ ನಾಟಕ ಕಲಿಸಲು ಬಂದಿದ್ದ ಪೇಟಿ ಮಾಸ್ತರರೊಬ್ಬರು ಅವರ ದನಿ ಕೇಳಿ, “ಈ ಹುಡುಗನನ್ನು ಗದಗಿನ ಆಶ್ರಮಕ್ಕೆ ಬಿಡ್ರಿ, ಒಂದು ಪೈಸಾ ಖರ್ಚಿಲ್ಲ” ಎಂದರಂತೆ. ನಮ್ಮ ಅಜ್ಜ ಎರಡು ದಿನ ಯೋಚಿಸಿ ಒಲ್ಲೆನೆಂದರಂತೆ. “ಅಲ್ಲಿ ಅವನ ಹೊಟ್ಟಿ ತುಂಬತೈತಿ, ಖರೆ. ಇಲ್ಲಿ ಎತ್ತಿನ ಹಿಂದ ನಡಿಯಾಂವ ಯಾರು?” ಎಂಬುದು ಅಜ್ಜನ ಮಾತು. ಇದನ್ನು ಹೇಳುವಾಗ ದೊಡ್ಡಪ್ಪನವರ ದನಿಯಲ್ಲಿ ಸಿಟ್ಟಿರಲಿಲ್ಲ. ಅಜ್ಜನ ಲೆಕ್ಕ ಸರಿಯೇ ಇತ್ತೆಂಬಂತೆ ಹೇಳಿದರು.

ಅಂದಿನಿಂದ ನಾನು ಆಶ್ರಮದ ಹೆಸರಾಂತ ಶಿಷ್ಯರ ಬಾಲ್ಯವನ್ನು ಬೇರೆ ರೀತಿಯಿಂದ ಓದುತ್ತಿದ್ದೇನೆ. ಬಸವರಾಜ ರಾಜಗುರುಗಳ ತಂದೆ ಸ್ವತಃ ಸಂಗೀತ ಬಲ್ಲವರು. ಹೆಚ್ಚು ಕಡಿಮೆ ನಮ್ಮ ದೊಡ್ಡಪ್ಪನವರು ಆಶ್ರಮಕ್ಕೆ ಹೋಗದೆ ಉಳಿದ ಕಾಲಕ್ಕೇ ಅಲ್ಲಿ ಸೇರಿ 12 ವರ್ಷ ಕಲಿತು, 2016ರಲ್ಲಿ ಪದ್ಮಶ್ರೀ ಪಡೆದ ಎಂ. ವೆಂಕಟೇಶ ಕುಮಾರರು ಬಳ್ಳಾರಿ ಕಡೆಯ ಜಾನಪದ ಹಾಡುಗಾರರ, ತೊಗಲುಗೊಂಬೆ ಆಟದವರ ಮನೆಯಲ್ಲಿ ಹುಟ್ಟಿದವರು. ಹಾಡೇ ದುಡಿಮೆಯಾಗಿದ್ದ ಮನೆಗೆ, ಹಾಡು ಕಲಿಯಲು ಹೋದ ಮಗ ಕಳೆದುಹೋದ ದುಡಿಮೆಯಲ್ಲ. ಕಣ್ಣಿಲ್ಲದ ಮಗುವನ್ನೋ, ನಮ್ಮ ರೈತಾಪಿ ಜನ, ಕಠೋರವೆನಿಸಿದರೂ ಹೇಳಿಬಿಡುತ್ತೇನೆ, ಹೊಲದ ಲೆಕ್ಕದಲ್ಲಿ ಹಿಡಿಯುತ್ತಲೇ ಇರಲಿಲ್ಲ. ಆದ್ದರಿಂದ ಕಳಿಸಿಕೊಟ್ಟರು. ಒಕ್ಕಲುತನದ ಮನೆಯಿಂದ ಸಂಗೀತಕ್ಕೆ ಬಂದವರೇ ಇಲ್ಲವೆಂದಲ್ಲ, ಮನ್ಸೂರರೇ ಇದ್ದಾರಲ್ಲ! ಆದರೆ ಅವರದು ಊರ ಗೌಡಿಕೆಯ ಮನೆ. ನಾಲ್ಕೆಕರೆ ಮಳೆಯಾಧಾರದ ಹೊಲವಿದ್ದು, ಎರಡು ಕಣ್ಣು, ಎರಡು ಗಟ್ಟಿ ತೋಳು ಇದ್ದ ಹುಡುಗನಿಗೆ ಉಚಿತವಾದ ಅನ್ನವೂ ತುಟ್ಟಿಯಾಯಿತು. ಆಶ್ರಮ ಹುಡುಗನಿಗೆ ಉಣ್ಣಿಸಬಲ್ಲದು. ಅವನು ಬಿಟ್ಟುಬಂದ ಕುಂಟೆ ಕೂರಿಗೆಗಳನ್ನು ಯಾರು ಹಿಡಿಯಬೇಕು?

ಈ ಲೆಕ್ಕ ಸಂಗೀತಕ್ಕಷ್ಟೇ ಸೇರಿದ್ದಲ್ಲವೆಂಬುದು ನಮ್ಮ ಕಾಲೇಜಿನ ಅರ್ಧದಷ್ಟು ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಮನೆತನದಲ್ಲಿ ಪದವಿ ತರಗತಿಯ ಬಾಗಿಲು ಕಂಡವನು ನಾನೇ ಮೊದಲಿಗ. ಸರಕಾರೀ ಕಾಲೇಜು, ಫೀ ಅಲ್ಪ. ವಿದ್ಯಾರ್ಥಿವೇತನವಿದೆ, ಬಸ್ಸಿನ ಪಾಸಿದೆ, ಹಾಸ್ಟೆಲಿನ ಊಟವಿದೆ. “ನಿನಗೇನಪ್ಪಾ, ಎಲ್ಲಾ ಪುಕ್ಕಟೆ” ಎಂದು ಊರವರು ನಗೆಯಾಡುತ್ತಾರೆ. ಈ ಮೂರು ವರ್ಷ ಹಿಂಗಾರಿ ಬಿತ್ತನೆಯ ಹೊತ್ತಿಗೆ ನಾನು ತರಗತಿಯಲ್ಲಿದ್ದೆ. ನಮ್ಮ ತಂದೆಯವರಿಗೆ ಬೆನ್ನುಹುರಿಯ ತ್ರಾಸು. ಕೂರಿಗೆಯ ಹಿಂದೆ ನಡೆದವರು ಅರವತ್ತೈದು ದಾಟಿದ ದೊಡ್ಡಪ್ಪ. ಮುಂದೆ ಎಂ.ಎ. ಓದಲು ಧಾರವಾಡಕ್ಕೆ ಹೋಗಬೇಕೆಂಬ ಆಸೆ ನನಗಿದೆ. ಅದಕ್ಕೆ ಇನ್ನೂ ಎರಡು ಬಿತ್ತನೆ, ಎರಡು ಸುಗ್ಗಿ ಬೇಕು. ಅವರ ಮೊಣಕಾಲು ಈಗಲೇ ನೋಯುತ್ತಿದೆ. ಮನೆಯಲ್ಲಿ ಇನ್ನೂ ಯಾರೂ ಹೌದು ಎಂದಿಲ್ಲ, ಅಲ್ಲವೆಂದೂ ಅಂದಿಲ್ಲ.

ಮತ್ತೆ ಚಿತ್ರಕ್ಕೆ ಬರುತ್ತೇನೆ. ದೊಡ್ಡಪ್ಪನವರು ಅದನ್ನು ನೋಡುವ ಬಗೆಯೇ ಬೇರೆ. ಹಾಡು ಬಂದಾಗ ನಾವೆಲ್ಲ ಹಾಡುವವರ ಮುಖ ನೋಡುತ್ತೇವೆ. ಅವರು ತಬಲಾ ಎಲ್ಲಿದೆಯೆಂದು ಹುಡುಕುತ್ತಾರೆ. ಸಂಗೀತದ ಪರಿಚಯವಿಲ್ಲದ ಓದುಗರಿಗಾಗಿ ಒಂದು ಮಾತು: ಖ್ಯಾಲ ಗಾಯನದಲ್ಲಿ, ಅದರಲ್ಲಿಯೂ ವಿಲಂಬಿತದಲ್ಲಿ, ತಬಲಾದವನ ಮೊದಲ ಕೆಲಸ ತನ್ನ ಚಮತ್ಕಾರ ತೋರಿಸುವುದಲ್ಲ, ಠೇಕಾ ಹಿಡಿದು ನಿಲ್ಲುವುದು. ಹಾಡುವವನು ರಾಗವನ್ನು ಎಷ್ಟು ದೂರಕ್ಕೆ ಒಯ್ದರೂ ತಿರುಗಿ ಬಂದು ಸಮದ ಮೇಲೆ ಇಳಿಯಬೇಕು. ಆ ಸಮವನ್ನು ಅಲುಗಾಡದಂತೆ ಕಾಯುವವನು ತಬಲಾದವನು. ಎಳೆಯ ಗಾಯಕನೊಬ್ಬನಿಗೆ ಒಳ್ಳೆಯ ತಬಲಾ ಸಾಥಿ ಸಿಕ್ಕರೆ ಅರ್ಧ ಕಛೇರಿ ಗೆದ್ದಂತೆ.

1936ರಲ್ಲಿ ವಿಜಯನಗರ ಸಾಮ್ರಾಜ್ಯ ಸ್ಥಾಪನೆಯ 600ನೆಯ ವರ್ಷದ ಉತ್ಸವ ಹಂಪೆಯಲ್ಲಿ ನಡೆಯಿತು. ಅಲ್ಲಿ ಬಸವರಾಜ ರಾಜಗುರುಗಳ ಮೊದಲ ಸಾರ್ವಜನಿಕ ಕಛೇರಿ. ಆಗ ಅವರಿನ್ನೂ ಎಳೆಯರು. ಬಾಗೇಶ್ರೀ ಹಾಡಿದರು. ಪಕ್ಕದಲ್ಲಿ ತಬಲಾ ಹಿಡಿದು ಕುಳಿತವರು ಸ್ವತಃ ಗುರುಗಳು, ಪಂಚಾಕ್ಷರ ಗವಾಯಿಗಳು. ಈ ಸಂಗತಿಯನ್ನು ದೊಡ್ಡಪ್ಪನವರಿಗೆ ಹೇಳಿದಾಗ ಅವರು ಮೊಬೈಲಿನ ಚಿತ್ರವನ್ನು ನಿಲ್ಲಿಸೆಂದು ಕೈಸನ್ನೆ ಮಾಡಿದರು.

“ಗುರುಗಳs ತಬಲಾಕ್ಕ ಕುಂತಿದ್ರ?” ಎಂದರು. ಸ್ವಲ್ಪ ಹೊತ್ತು ತಮ್ಮ ಮೊಣಕಾಲ ಮೇಲೆ ಬೆರಳಿನಿಂದ ಠೇಕಾ ಹಾಕಿ ನೋಡಿದರು. ಹಾಕುತ್ತ ಹಾಕುತ್ತ ಲಯವನ್ನು ಇನ್ನೂ ಇಳಿಸಿದರು. “ಹಂಗಾದ್ರ ಭಾಳ ನಿಧಾನ ಹಾಕಿರಬೇಕು ನೋಡು. ಹುಡುಗಗ ಉಸುರು ತಗೊಳ್ಳಾಕ ಜಾಗಾ ಬಿಟ್ಟಿರಬೇಕು.”